ಹಾಜರಿ ಇಲ್ಲದ ಓಟ

ಹೊಸಕೋಟೆಯಲ್ಲಿ ಸೂಲಿಬೆಲೆ ಬಸ್ಸಿಗೆ ಕಾಯುತ್ತಿದ್ದ ನಿವೃತ್ತ ಆಟದ ಮೇಷ್ಟ್ರು ವೆಂಕಟರಾಯಪ್ಪನವರ ಪಕ್ಕದಲ್ಲಿ ಇಬ್ಬರು ಡಿಗ್ರಿ ಹುಡುಗರು ಮಾತಾಡುತ್ತಿದ್ದರು.

“ಕೆಮಿಸ್ಟ್ರೀಲಿ ತೊಂಬತ್ತು ತಗೊಂಡೂ ಡಿಗ್ರಿ ನಿಂತೋಯ್ತೇನ್ಲಾ ಬೀರೇಶ?”

“ಹೂಂ ಕಣ್ಲಾ. ದೈಹಿಕ ಶಿಕ್ಷಣ ಕಡ್ಡಾಯವಂತೆ. ಅದ್ರಲ್ಲಿ ನನ್ನ ಹಾಜರಿ ಸೊನ್ನೆ.”

“ಯಾಕ್ ಹೋಗ್ಲಿಲ್ಲ?”

“ಬೆಳಗ್ಗೆ ಏಳಕ್ಕೆ ಮೈದಾನದಲ್ಲಿ ಓಡಿಸ್ತಿದ್ರು. ಅದೇ ಹೊತ್ಗೆ ನಾನು ಹಾಲಿನ ಕ್ಯಾನ್ ಹೊತ್ಕೊಂಡು ಡೇರಿಗೆ ಓಡ್ತಿದ್ದೆ. ಆಟದಲ್ಲಿ ಯಾರು ಫೇಲ್ ಮಾಡ್ತಾರೆ ಅನ್ಕೊಂಡೆ, ಮಹಾ ಬುದ್ಧಿವಂತ ನಾನು.”

“ಈಗೇನ್ ಮಾಡ್ತೀಯ?”

“ಇನ್ನೊಂದು ವರ್ಷ ಜೂನಿಯರ್‌ಗಳ ಜೊತೆ ಕಪ್ಪೆ ಥರ ಕುಪ್ಪಳಿಸ್ತೀನಿ.”

ಅಷ್ಟರಲ್ಲಿ ಬಂದ ಬಸ್ಸು ನಿಲ್ಲದೆ ಮುಂದೆ ಹೋಯಿತು. ಬೀರೇಶ ಬೆನ್ನಟ್ಟಿ ಓಡಿ, ಕಂಬಿ ಹಿಡಿದು ಹತ್ತಿ, ಗೆಳೆಯನನ್ನೂ ಎಳೆದುಕೊಂಡ. ಬಸ್ಸು ತಪ್ಪಿಸಿಕೊಂಡ ಮೇಷ್ಟ್ರ ಕೈ, ಹಾಜರಿ ಹಾಕುವ ಹಳೇ ಅಭ್ಯಾಸಕ್ಕೆ, ಜೇಬಿನ ಪೆನ್ನು ತಡಕಿತು.