ಮಗಳ ಬಸಿರು, ಅಪ್ಪನ ಅಡುಗೆ

ಅಧ್ಯಕ್ಷತೆ ವಹಿಸಿರುವ ಹೊನ್ನೂರುಸ್ವಾಮಿಯವರೇ, ನನ್ನಂಥವನ ಕೈಗೆ ಮೈಕು ಕೊಡುವ ಧೈರ್ಯ ಮಾಡಿದ ಕೃಷ್ಣಾಬಾಯಿ ಸಿಸ್ಟರ್ ಅವರೇ, ಹಸಿರು ಬಳೆ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತಿರುವ ತಾಯಂದಿರೇ, ಅವರ ಪಕ್ಕದಲ್ಲಿರುವ ಅತ್ತೆಯಂದಿರೇ, ಒಳಗೆ ಬರಲು ನಾಚಿಕೊಂಡು ಬಾಗಿಲಲ್ಲೇ ನಿಂತಿರುವ ಗಂಡಸರೇ, ಮಲಪನಗುಡಿಯ ಸಮಸ್ತ ಸಭಿಕರೇ.

ಇಂದಿನ ಸಾಮೂಹಿಕ ಸೀಮಂತದಲ್ಲಿ ಐದಾರು ತಿಂಗಳ ಬಸುರಿಯ ಆರೈಕೆಯ ಬಗ್ಗೆ ನಾಲ್ಕು ಮಾತು ಹೇಳಲು ನನ್ನನ್ನು ಕರೆದಿದ್ದಾರೆ. ನಾನು ಡಾಕ್ಟರಲ್ಲ, ಮೇಷ್ಟ್ರೂ ಅಲ್ಲ. ಬಾಳೆ ಬೆಳೆಯುವವನು. ಕೊಟ್ರಯ್ಯ ಬಸಿರಿನ ಬಗ್ಗೆ ಮಾತಾಡುತ್ತಾನೆ ಎಂದು ನಗುವವರು ಈಗಲೇ ನಕ್ಕುಬಿಡಿ, ಕಾಯುತ್ತೇನೆ. ಆಯಿತೇ? ಸರಿ, ಇನ್ನು ಕೇಳಿ.

ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ನಡೆಸುವ ತಾಯಂದಿರ ಸಭೆಗೆ ನಾನು ಮೊದಲ ಸಲ ಹೋದಾಗ ಹೆಂಗಸರೆಲ್ಲ ಮಾತು ನಿಲ್ಲಿಸಿ ಸೆರಗು ಸರಿಮಾಡಿಕೊಂಡರು. "ಯಾರನ್ನ ಕರಕೊಂಡು ಬಂದೀರಿ ಯಜಮಾನ್ರ?" ಎಂದರು ಸಿಸ್ಟರ್. ಯಾರನ್ನೂ ಇಲ್ಲ ಎಂದೆ. "ಮತ್ತ ಯಾಕ ಬಂದೀರಿ?" "ಕಲಿಯಾಕ ಬಂದೀನ್ರಿ." ಅದಕ್ಕೂ ನಕ್ಕರು. ಆದರೆ ಕುರ್ಚಿ ಕೊಟ್ಟರು. ಆ ಉಪಕಾರವನ್ನು ನಾನು ಮರೆಯಲಾರೆ.

ನನಗಿರುವುದು ಒಬ್ಬಳೇ ಮಗಳು, ತ್ರಿವೇಣಿ. ಚಿತ್ತವಾಡ್ಗಿಗೆ ಕೊಟ್ಟಿದ್ದೇನೆ. ಈಗ ಚೊಚ್ಚಲ ಬಸುರಿ. ಅವಳ ತಾಯಿ ಹಾಲಮ್ಮ ತೀರಿಕೊಂಡು ಎರಡು ವರ್ಷವಾಯಿತು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಬರುವುದು ನಮ್ಮ ಪದ್ಧತಿ. ಬಂದರೆ ನೋಡಿಕೊಳ್ಳುವವರು ಯಾರು? ನಾನೇ. ನನಗೆ ಏನು ಗೊತ್ತಿತ್ತು? ಏನೇನೂ ಗೊತ್ತಿರಲಿಲ್ಲ. ಹಾಲಮ್ಮ ಬಸುರಿಯಾಗಿದ್ದಾಗ ನಾನು ಒಳಗೆ ಕಾಲಿಟ್ಟರೆ ಸಾಕು, ಹೆಂಗಸರು ಮಾತು ಬದಲಿಸಿ ಮಳೆ ಬೆಳೆ ಎನ್ನುತ್ತಿದ್ದರು. ಅಪ್ಪನಾಗುವವನಿಗೆ ಒಳಗಿನ ಸುದ್ದಿ ಹೇಳಬಾರದೆಂದು ಯಾರು ಮಾಡಿಟ್ಟರೋ ಕಾಣೆ.

ಐದನೇ ತಿಂಗಳಿಗೆ ಕೂಸು ಒಂದು ಬಾಳೆಹಣ್ಣಿನಷ್ಟು ಉದ್ದ ಇರುತ್ತದೆ ಎಂದರು ಸಿಸ್ಟರ್. ನಾನು ಕೈಯೆತ್ತಿದೆ. "ಯಾವ ಬಾಳಿಹಣ್ಣ್ರಿ ಸಿಸ್ಟರ? ಸುಗಂಧಿನೋ, ಪಚ್ಚಬಾಳಿನೋ?" ಸ್ವಾಮಿ, ನಾನು ತಮಾಷೆಗೆ ಕೇಳಲಿಲ್ಲ. ಸುಗಂಧಿ ಗಿಡ್ಡ, ಪಚ್ಚಬಾಳೆ ಉದ್ದ. ನನ್ನ ಮೊಮ್ಮಗುವಿನ ಅಳತೆ ನನಗೆ ಬೇಡವೇ? "ಭಾಳ ಉದ್ದಂದು ಯಾವುದೈತಿ, ಅದು ಅಂತ ತಿಳ್ಕೊರಿ" ಎಂದು ಸಿಸ್ಟರ್ ನಕ್ಕು ನಕ್ಕು ಕುಳಿತುಬಿಟ್ಟರು. ಆ ದಿನ ತೋಟದಲ್ಲಿ ಗೊನೆಯೊಂದರ ಕಾಯಿಯನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ಇಷ್ಟರಲ್ಲಿ ಹುಬ್ಬು, ಉಗುರು, ಕಿವಿ ಎಲ್ಲವೂ ಇರುತ್ತವಂತೆ. ಆರನೇ ತಿಂಗಳಿಗೆ ಹೊರಗಿನ ಸದ್ದೂ ಕೇಳಿಸುತ್ತದಂತೆ. ಆಮೇಲೆ ಆ ಗೊನೆ ಕಡಿಯಲು ನನಗೆ ಮನಸ್ಸೇ ಬರಲಿಲ್ಲ.

ಇನ್ನು ತಾಯಿಯ ಮೈ. ಗರ್ಭಕೋಶ ಹೊಕ್ಕುಳ ಮಟ್ಟಕ್ಕೆ ಏರುತ್ತದೆ, ಚರ್ಮ ಬಿಗಿದು ತುರಿಸುತ್ತದೆ, ಸೊಂಟ ಹಿಡಿಯುತ್ತದೆ, ಮುಖದ ಮೇಲೆ ಕಪ್ಪು ಮೂಡುತ್ತದೆ. ಸಂಜೆಗೆ ಪಾದ ಸ್ವಲ್ಪ ಊದಿಕೊಳ್ಳಬಹುದು. ಆದರೆ ಮುಖ, ಕೈ ಊದಿ ತಲೆ ಸಿಡಿಯುತ್ತಿದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ, ಆಟೋ ಹಿಡಿದು ಆಸ್ಪತ್ರೆಗೆ ಹೋಗಿ. ಅಪ್ಪನಾದವನು ಮೈಕಿನಲ್ಲಿ ಇದನ್ನೆಲ್ಲ ಹೇಳಬಹುದೇ ಎಂದು ಬಾಗಿಲಲ್ಲಿ ನಿಂತವರು ಗೊಣಗುತ್ತಿದ್ದೀರಿ. ಮತ್ತೆ ಯಾರು ಹೇಳಬೇಕು? ಹೇಳಬೇಕಾದವಳು ಹೋಗಿಬಿಟ್ಟಳಲ್ಲ!

ಊಟದ ವಿಷಯ. ನಮ್ಮದು ಲಿಂಗ ಕಟ್ಟಿದ ಮನೆ, ಸಿಸ್ಟರ್ ಮೊಟ್ಟೆ ಎಂದ ಕೂಡಲೇ ನಾನು ಮುಖ ಕಿವುಚಿದೆ. "ಬ್ಯಾಡಾದ್ರ ಬಿಡ್ರಿ. ಬ್ಯಾಳಿ, ಹೆಸರುಕಾಳು, ಶೇಂಗಾ, ಹಾಲು-ಮೊಸರು ಜಾಸ್ತಿ ಮಾಡ್ರಿ" ಎಂದರು. ಮೆಂತ್ಯ, ನುಗ್ಗೆಸೊಪ್ಪು, ರಾಗಿ ಕಲಿತೆ. ರಕ್ತ ಹೆಚ್ಚಿಸುವ ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗಬಾರದು, ನಿಂಬೆ ಶರಬತ್ತು ಒಳ್ಳೆಯದು ಎಂಬುದನ್ನು ಕಲಿತೆ. ರೊಟ್ಟಿ ಬಡಿಯಲು ಕಲಿತೆ. ಮೊದಲ ವಾರದ ರೊಟ್ಟಿಯನ್ನು ನಮ್ಮ ಎಮ್ಮೆ ತಿಂದಿತು, ಪಾಪ, ಅದು ನನ್ನನ್ನು ಬೈಯಲಿಲ್ಲ. ಈಗ ಚೆನ್ನಾಗಿ ಉಬ್ಬುತ್ತದೆ. ಉಬ್ಬಿದ್ದನ್ನು ಯಾರಿಗಾದರೂ ತೋರಿಸಬೇಕೆನಿಸಿ ಒಮ್ಮೊಮ್ಮೆ ಹಿಂದಕ್ಕೆ ತಿರುಗುತ್ತೇನೆ. ಇರಲಿ, ವಿಷಯ ಅದಲ್ಲ.

ಮೊನ್ನೆ ತ್ರಿವೇಣಿ ಫೋನು ಮಾಡಿದಳು. "ಅಪ್ಪಾ, ಒಳಗ ಕೂಸು ಮಿಸುಕಾಡ್ತು." ಸಭಿಕರೇ, ಇಂಥ ಮಾತನ್ನು ಹೆಣ್ಣುಮಗಳು ಮೊದಲು ಯಾರಿಗೆ ಹೇಳುತ್ತಾಳೆ? ತಾಯಿಗೆ. ತಾಯಿ ಏನು ಉತ್ತರ ಕೊಡುತ್ತಾಳೆ? ನನಗೆ ಗೊತ್ತಿರಲಿಲ್ಲ. "ಹೌದಾ? ನೀರು ಕುಡಿಯವ್ವಾ" ಎಂದುಬಿಟ್ಟೆ. ಅವಳು ನಕ್ಕಳು. ನಾನು ಫೋನಿಟ್ಟು ಬಾಳೆಯ ಸಾಲಿನಲ್ಲಿ ಕುಳಿತು ಚೆನ್ನಾಗಿ ಅತ್ತೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಮರುದಿನವೇ ಚಿತ್ತವಾಡ್ಗಿಗೆ ಹೋಗಿ, ಏಳನೇ ತಿಂಗಳಿಗೆ ಮಗಳನ್ನು ಕಳಿಸಿಕೊಡಿ ಎಂದು ಬೀಗತಿಯವರಾದ ನೀಲಗಂಗಮ್ಮನವರನ್ನು ಕೇಳಿದೆ. ಅವರು ಚಹಾ ಕೊಟ್ಟರು, ಮರ್ಯಾದೆಯಿಂದಲೇ ಮಾತಾಡಿದರು. "ಬೀಗರ, ತಪ್ಪು ತಿಳಕಬ್ಯಾಡ್ರಿ. ನಿಮ್ಮನ್ಯಾಗ ಹೆಣ್ಣು ದಿಕ್ಕಿಲ್ಲ. ತಾಯಿ ಇಲ್ಲದ್ದು ತವರಮನಿ ಹೆಂಗಾಗ್ತದ?" ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಈ ಊರಿಗೆಲ್ಲ ಗೊತ್ತು. ಆದರೆ ಆ ಹೊತ್ತಿಗೆ ತ್ರಿವೇಣಿ ಊಟಕ್ಕೆ ಕುಳಿತಳು, ನನ್ನ ಕಣ್ಣು ಅವಳ ತಟ್ಟೆಯ ಮೇಲೆ ಹೋಯಿತು. ಒಂದು ರೊಟ್ಟಿ, ಒಂದು ಸೌಟು ಅನ್ನ. ಅಷ್ಟೇ ಸಾಕೇ ಎಂದರೆ ಬೀಗತಿಯವರು, "ಕೂಸು ದೊಡ್ಡದಾದ್ರ ಹೆರೋದು ಕಷ್ಟರೀ. ಮನೋಹರ ಹುಟ್ಟೋವಾಗ ನಾನು ಎರಡು ದಿನ ಬ್ಯಾನಿ ತಿಂದೀನಿ, ಈ ಹುಡುಗಿಗೆ ಅದು ಬ್ಯಾಡ" ಎಂದರು. ಅದು ಜಿಪುಣತನವಲ್ಲ, ಸಭಿಕರೇ, ಭಯ. ನನ್ನ ಅಳಿಯನನ್ನು ಹೆತ್ತ ತಾಯಿಯ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಬಾಗಿಲ ತನಕ ಬಂದ ಮಗಳು ಮೆಲ್ಲಗೆ, "ಅಪ್ಪಾ, ಹಸಿವಾಗ್ತದ. ಕೇಳಾಕ ಆಗಂಗಿಲ್ಲ" ಎಂದಳು. ಅವಳ ತಾಯಿ ಕಾರ್ಡು ತೆಗೆಸಿ ನೋಡಿದೆ. ಹೋದ ತಿಂಗಳ ತೂಕ, ಈ ತಿಂಗಳ ತೂಕ, ಎರಡೂ ಒಂದೇ. ಊಟ ಕಡಿಮೆ ಮಾಡಿದರೆ ಹೆರಿಗೆ ಸುಲಭವಾಗುವುದಿಲ್ಲ, ತಾಯಿ ಸೊರಗುತ್ತಾಳೆ, ಕೂಸು ಬಡವಾಗಿ ಹುಟ್ಟುತ್ತದೆ ಎಂದು ಸಿಸ್ಟರ್ ನಮಗೆ ಎಷ್ಟು ಸಲ ಹೇಳಿಲ್ಲ!

ಸಿಸ್ಟರ್ ಕರೆದರೆಂದು ಬೀಗತಿಯವರು ಇಂದು ಸೊಸೆಯನ್ನು ಕರೆದುಕೊಂಡು ಬಂದಿದ್ದಾರೆ. ಇಲ್ಲೇ, ಎರಡನೇ ಕುರ್ಚಿ. ತಲೆ ತಗ್ಗಿಸಬೇಡ ತ್ರಿವೇಣಿ, ನಾನು ಯಾರನ್ನೂ ಬೈಯುತ್ತಿಲ್ಲ. ಅಧ್ಯಕ್ಷರ ಅಪ್ಪಣೆ ಇದ್ದರೆ ಬೀಗತಿಯವರಿಗೆ ಎರಡು ಮಾತು ನಮ್ಮ ಮನೆಯ ಭಾಷೆಯಲ್ಲೇ ಹೇಳುತ್ತೇನೆ.

ನೀಲಗಂಗಮ್ಮಾರ, ನಮ್ಮನ್ಯಾಗ ಹೆಣ್ಣು ದಿಕ್ಕಿಲ್ಲ ಅಂದ್ರಿ. ಖರೇ ಐತಿ. ಹಂಗಾರ ನೀವೂ ಬರ್ರಿ. ಸೊಸಿ ಜೊತಿ ನೀವೂ ನಮ್ಮನಿಗೆ ಬರ್ರಿ. ಕೂಸಿಗೂ ಬಾಣಂತಿಗೂ ನೀರು ಎರಿಯಾಕ ಮಗ್ಗಲಮನಿ ಜಂಬವ್ವ ಒಪ್ಪ್ಯಾಳ. ಮನಿ ನಿಮ್ಮಿಬ್ಬರಿಗೆ ಬಿಟ್ಟು ನಾನು ತೋಟದ ಶೆಡ್ಡಿನ್ಯಾಗ ಮಲಗ್ತೀನಿ, ಊರಾಗ ಯಾರೂ ಒಂದು ಮಾತು ಆಡಬಾರದಲ್ಲ. ಹೊತ್ತಿಗೆ ಸರಿಯಾಗಿ ಬಂದು ಅಡಿಗಿ ಮಾಡಿ ಹೋಗ್ತೀನಿ. ಉಪ್ಪು ಹೆಚ್ಚಾದ್ರ ಬೈರಿ. ನಿಮಗ ಅಂಜಿಕಿ ಐತಿ, ನನಗೂ ಐತಿ. ಇಬ್ಬರೂ ಒಂದ ಮನ್ಯಾಗ ಕುಂತು ಅಂಜೋಣು. ಹುಡುಗಿ ಮಾತ್ರ ಹಸಿದು ಇರೋದು ಬ್ಯಾಡ. ಉತ್ತರ ಈಗ ಬ್ಯಾಡ್ರಿ, ಊಟ ಆದಮ್ಯಾಲೆ ಹೇಳ್ರಿ.

ಸಭಿಕರೇ, ಮಾತು ಉದ್ದವಾಯಿತು, ಮನ್ನಿಸಿ. ನನ್ನನ್ನು ಹೆಂಗಸರ ನಡುವೆ ಕೂರಿಸಿ ಕಲಿಸಿದ ಸಿಸ್ಟರ್‌ಗೂ, ತಾಳ್ಮೆಯಿಂದ ಕೇಳಿದ ನಿಮಗೂ ಕೈಮುಗಿಯುತ್ತೇನೆ. ಈಗ ಬಸುರಿಯರದೇ ಮೊದಲ ಪಂಕ್ತಿ. ಆ ಸಾಲಿಗೆ ಬಡಿಸುವವನು ನಾನು. ತ್ರಿವೇಣಿ, ಎರಡನೇ ಸಲ ಬಂದಾಗ ಎಲಿಗೆ ಕೈ ಅಡ್ಡ ಹಿಡೀಬ್ಯಾಡವ್ವಾ.

ಎಲ್ಲರಿಗೂ ನಮಸ್ಕಾರ.