ಹೊಸದು ಹಾಕಿದ್ದೀನಿ ಅಂದ ಗೇರಣ್ಣ

ದೀಪ ಸಣ್ಣದು ಮಾಡಿ. ಇದು ಯಾರೋ ಎಲ್ಲೋ ಹೇಳಿದ್ದಲ್ಲ, ನಮ್ಮ ದೊಡ್ಡಮ್ಮನ ಮಗನಿಗೇ ಆಗಿದ್ದು. ನಡುವೆ ಯಾರೂ ಕೆಮ್ಮಬೇಡಿ, ಹೇಳೋ ನಂಗೇ ಭಯ ಆಗುತ್ತೆ.

ಅವನನ್ನ ಎಲ್ಲರೂ ಗೇರಣ್ಣ ಅಂತಿದ್ರು. ಆಟೋಮ್ಯಾಟಿಕ್ ಗೇರಿನ ಹಳೇ ಕಾರು ರಿಪೇರಿ ಮಾಡೋನು. ಕೈಗುಣ ಚೆನ್ನಾಗಿತ್ತು, ಬಾಯಿ ಮಾತ್ರ ಯಾವಾಗ್ಲೂ ಒಂದು ಗೇರು ಮುಂದೆ. ಅವತ್ತು ರಾತ್ರಿ ಶೆಡ್ಡಿನ ಬಾಗಿಲು ಎಳೆದು, ಹಾಳು ಬಾವಿ ಪಕ್ಕದ ದಾರೀಲಿ ಮನೆಗೆ ಹೊರಟಿದ್ದ. ಬಾವಿ ಹತ್ತಿರ ಬಂದಾಗ... ಗುರ್ರ್ರ್ರ್. ಯಾವುದೋ ಇಂಜಿನ್ ಅರಚ್ಕೊಳ್ತಿದೆ, ಗೇರು ಮಾತ್ರ ಬದಲಾಗ್ತಿಲ್ಲ.

ಬಾವಿಕಟ್ಟೆ ಪಕ್ಕ ಒಂದು ಹಳೇ ಕಾರು. ಹಿಂದೆ ಬಿಳೀ ಹೊಗೆ. ಸೀಟಲ್ಲಿ ಯಾರೋ ಇದ್ದಾರೆ, ಮುಖ ಕಾಣಲ್ಲ.

"ಸ್ವಲ್ಪ ನೋಡ್ತೀರಾ..." ಪಿಸುದನಿ. "ಎಳೀತಿಲ್ಲ."

"ಆಫ್ ಮಾಡಿ."

ಇಂಜಿನ್ ನಿಂತಿತು. ಸೈಲೆನ್ಸರ್ ಆರೋ ಸದ್ದು... ಟಿಕ್. ಟಿಕ್.

ಬೇರೆಯವರಾಗಿದ್ರೆ ಓಟ ಕಿತ್ತಿರ್ತಿದ್ರು. ಇವನು ಬಿಳೀ ಹೊಗೆ ನೋಡಿದ್ದೇ ತಡ, ಟಾರ್ಚ್ ಹಿಡ್ಕೊಂಡು ಕಾರಿನ ಅಡಿಗೆ ನುಗ್ಗಿದ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ.

ಅಂಥ ಕಾರುಗಳಲ್ಲಿ ಗೇರ್ ಬಾಕ್ಸಿನ ಪಕ್ಕಕ್ಕೆ ಒಂದು ತಗಡಿನ ಡಬ್ಬಿ ಇರುತ್ತೆ. ವ್ಯಾಕ್ಯೂಮ್ ಮಾಡ್ಯುಲೇಟರ್ ಅಂತಾರೆ. ಇಂಜಿನ್ ಒಂದು ರಬ್ಬರ್ ಪೈಪಿನಿಂದ ಅದರ ಗಾಳಿ ಎಳೀತಿರುತ್ತೆ, ಆ ಎಳೆತ ನೋಡ್ಕೊಂಡು ಗೇರು ಬದಲಾಗುತ್ತೆ. ಒಳಗಿನ ರಬ್ಬರ್ ಪರದೆ ಹರೀತೋ, ಮುಗೀತು. ಇಂಜಿನ್ನು ಗಾಳಿ ಜೊತೆ ಗೇರಿನ ಎಣ್ಣೇನೂ ಕುಡಿದು ಹೊಗೆ ಮಾಡಿ ಬಿಡುತ್ತೆ. ಕೆಳಗೆ ಒಂದು ತೊಟ್ಟೂ ಸೋರಲ್ಲ. ಎಣ್ಣೆ ಮುಗಿದ ದಿನ ಇಂಜಿನ್ ಎಷ್ಟು ಕೂಗಿದ್ರೂ ಕಾರು ಕದಲಲ್ಲ.

ಅವನ ಭಾವನ ಕಾರು ಹಾಗೇ ನಿಂತಿತ್ತು. ರೈಲು ಹಳಿ ಮೇಲೆ, ರೈಲು ಬರೋ ಹೊತ್ತಿಗೆ.

ಯಾಕೆ ನಿಂತಿತು ಅಂತ ಗೇರಣ್ಣನಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಪರದೆ ಹರಿದಿದೆ ಅಂತ ಕಂಡುಹಿಡಿದವನೇ ಅವನು. ಆದ್ರೆ ಸಂಜೆಗೆ ಕೊಡ್ತೀನಿ ಅಂತ ಜಂಬ ಕೊಚ್ಚಿದ್ದ, ಹೊಸ ಡಬ್ಬಿ ಬರೋದು ತಡವಾಯ್ತು. ಹಳೇದನ್ನೇ ಉಜ್ಜಿ, ಬೆಳ್ಳಿ ಬಣ್ಣ ಬಳಿದು ಕೂರಿಸಿ, ಎಣ್ಣೆ ತುಂಬಿಸಿ, "ಹೊಸದು ಹಾಕಿದ್ದೀನಿ ಭಾವ" ಅಂದ. ಹೆಂಡತಿಯ ತಮ್ಮನನ್ನ ನಂಬದೆ ಇನ್ಯಾರನ್ನ ನಂಬ್ತಾರೆ? ಆಮೇಲೆ ಹೆಣದ ಮುಂದೆ ನಿಂತು ಈ ಪುಣ್ಯಾತ್ಮ ಏನಂದ ಗೊತ್ತಾ? "ಎಣ್ಣೆ ನೋಡ್ಕೊಳ್ಳಿ ಅಂತ ಬಡ್ಕೊಂಡೆ ಅಕ್ಕ, ಭಾವ ಕೇಳ್ಲಿಲ್ಲ." ತಾಯಿ ಹೋದಮೇಲೆ ಅವನನ್ನ ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕ ಅವಳು. ಸತ್ತ ಗಂಡನ್ನೇ ಬೈಕೊಂಡು ಬೈಕೊಂಡು ಅತ್ಲು. ಅದನ್ನ ನೆನೆದ್ರೆ ನಂಗೆ ಇವತ್ತಿಗೂ ಮೈ ಉರಿಯುತ್ತೆ.

ಹಾಂ... ಗೇರಣ್ಣ ಕಾರಿನ ಅಡೀಲಿದ್ದ. ಡಬ್ಬಿಯಿಂದ ಪೈಪ್ ಕಿತ್ತ. ಪಚಕ್. ಗೇರಿನ ಕೆಂಪು ಎಣ್ಣೆ ಅಂಗೈಗೆ ಸುರೀತು. "ಪರದೆ ಹೋಗಿದೆ," ಅಂದ.

ಆದ್ರೂ ಖಾತ್ರಿಗೆ ಅವನದೊಂದು ಪದ್ಧತಿ. ಜೇಬಲ್ಲಿ ಸದಾ ಗೇಣುದ್ದ ಪೈಪ್ ಇಟ್ಕೊಳ್ತಿದ್ದ. ಅದನ್ನ ಡಬ್ಬಿ ಮೂತಿಗೆ ಸಿಕ್ಕಿಸಿ, ಇನ್ನೊಂದು ತುದಿಯಿಂದ ಬಾಯಲ್ಲಿ ಗಾಳಿ ಎಳೆದು ಆ ತುದಿಗೆ ನಾಲಿಗೆ ಒತ್ತೋದು. ಪರದೆ ಚೆನ್ನಾಗಿದ್ರೆ ನಾಲಿಗೆ ಪೈಪಿಗೆ ಕಚ್ಕೊಳ್ಳುತ್ತೆ. ಹರಿದಿದ್ರೆ ಬಿಟ್ಕೊಳ್ಳುತ್ತೆ.

ಎಳೆದ. ನಾಲಿಗೆ ಒತ್ತಿದ.

ಕಚ್ಕೊಳ್ತು.

ಹರಿದ ಪರದೆ ಹೇಗೆ ಕಚ್ಕೊಳ್ಳುತ್ತೆ? ಟಾರ್ಚ್ ಬೆಳಕು ಬಿಟ್ಟು ನೋಡ್ತಾನೆ... ಡಬ್ಬಿ ಮೇಲೆ ಬೆಳ್ಳಿ ಬಣ್ಣ. ಅವನೇ ಬಳಿದದ್ದು. ಬಣ್ಣದಲ್ಲಿ ಅಂಟಿದ್ದ ಬ್ರಷ್ಷಿನ ಕೂದಲೂ ಹಾಗೇ ಇದೆ.

ಆಗ ಆ ಕಡೆಯಿಂದ ಎಳೆಯೋಕೆ ಶುರುವಾಯ್ತು. ಸ್ಸ್ಸ್ಸ್... ಇಂಜಿನ್ ಆಫ್ ಆಗಿದೆ, ಅದರ ಪೈಪೂ ಕಿತ್ತಾಗಿದೆ ಕಣ್ರೀ! ನಾಲಿಗೆ ಪೈಪಿನೊಳಕ್ಕೆ ಹೋಗ್ತಿದೆ. ಹಿಂದೆಯೇ ಎದೆಯಲ್ಲಿದ್ದ ಉಸಿರು. ಕಾಲು ನೆಲಕ್ಕೆ ಬಡೀತಾನೆ, ಕೂಗೋಕೆ ಗಾಳಿ ಎಲ್ಲಿ? ಡಬ್ಬಿ ಒಳಗಿಂದ, ಮೆಲ್ಲಗೆ...

"ಏನಪ್ಪಾ... ಹೊಸದು ಹಾಕಿದ್ದೀನಿ ಅಂದ್ಯಲ್ಲ?"

ಸ್ಸ್ಸ್ಸ್...

"ನಿಮ್ಮಕ್ಕನಿಗೆ ನೀನು ಹೇಳ್ತೀಯೋ... ನಾನು ಹೇಳ್ಲೋ?"

ಎದೆ ಮುಟ್ಟಿ ಮುಟ್ಟಿ ತೋರಿಸ್ದ. ನಾನೇ, ನಾನೇ ಹೇಳ್ತೀನಿ. ಪಟ್ ಅಂತ ಪೈಪ್ ಬಿಡ್ತು. ಕಣ್ಣು ತೆರೆದ್ರೆ ಮೇಲೆ ಕಾರಿಲ್ಲ. ಬರೀ ನಕ್ಷತ್ರ.

ಎಡಕ್ಕೆ ತಿರುಗಿದ್ರೆ ಅಕ್ಕನ ಮನೆ, ಕಿಟಕೀಲಿ ಇನ್ನೂ ದೀಪ ಇತ್ತು. ಬಲಕ್ಕೆ ಅವನ ಮನೆ. ಆಗಲೇ ಎಡಕ್ಕೆ ಹೋಗಿದ್ರೆ ಬಚಾವಾಗ್ತಿದ್ನೋ ಏನೋ... ಹೋಗ್ಲಿಲ್ಲ. ಬೆಳಗಾಗ್ಲಿ ನೋಡೋಣ ಅಂತ ಬಲಕ್ಕೆ ಓಡಿ ಮುಸುಕು ಎಳ್ಕೊಂಡ.

ಬೆಳಗ್ಗೆ ಹೋದ. ತನ್ನ ತಪ್ಪು ಸಣ್ಣದಾಗಿ ಕಾಣೋ ಹಾಗೆ ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡಿದ್ದ. ಬಾಗಿಲು ಬಡಿಯೋ ಮೊದಲೇ ಅಕ್ಕ ತೆಗೆದಳು. ಕಣ್ಣಲ್ಲಿ ಒಂದು ಹನಿ ಇಲ್ಲ.

"ಅಕ್ಕ, ಭಾವನ ಕಾರು..."

"ಎಲ್ಲಾ ಗೊತ್ತಾಯ್ತು ಪುಟ್ಟ," ಅಂದ್ಲು ಪಿಸುಗುಟ್ಟಿ. "ಗಲಾಟೆ ಮಾಡ್ಬೇಡ, ಅವರು ಈಗ ತಾನೇ ಮಲಗಿದ್ರು. ಇನ್ಮೇಲೆ ಈ ಹೊಸ್ತಿಲು ತುಳೀಬೇಡ."

ಬಾಗಿಲು ಹಾಕಿದ್ಲು. ಇವತ್ತಿನವರೆಗೂ ಅವನ ಜೊತೆ ಒಂದು ಮಾತಿಲ್ಲ. ಶೆಡ್ಡು ಮುಚ್ಚಿದಾಗ ಅವನು ಬೀದೀಲಿ ನಿಂತು ಅತ್ರೂ ಕಿಟಕಿ ತೆರೀಲಿಲ್ಲ.

ಕಟ್ಟುಕತೆ ಅಂತೀರಾ? ಅನ್ನಿ. ರೈಲು ಹಳಿ ಹತ್ತಿರ ಭಾವನ ಎಡಗಾಲಿನ ಚಪ್ಪಲಿ ಒಂದೇ ಸಿಕ್ಕಿದ್ದು, ಬಲಗಾಲಿಂದು ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ. ಹೋದ ವಾರ ನಾನೇ ಅಕ್ಕನ ಮನೆಗೆ ಹೋಗಿದ್ದೆ. ಹೊಸ್ತಿಲ ಪಕ್ಕ ಭಾವನ ಚಪ್ಪಲಿ ಜೋಡಿ ಇತ್ತು, ಅದರ ಪಕ್ಕದಲ್ಲೇ ನನ್ನ ಚಪ್ಪಲಿ ಬಿಟ್ಟೆ. ಭಾವನ ಬಲಗಾಲಿಂದು ಕೆಂಪು ಎಣ್ಣೇಲಿ ಒದ್ದೆಯಾಗಿತ್ತು.