ಅಪ್ಪ ಕೂರಿಸಿದ ಕಲ್ಲು

ಹಳೆಯ ಪಟ್ಟಣದ ಕೋಟೆಬಾಗಿಲಿನ ನೆರಳಲ್ಲಿ ಛತ್ರಿ ರಿಪೇರಿಯವನು ತನ್ನ ಪಾಡಿಗೆ ಕಡ್ಡಿ ಬಿಗಿಯುತ್ತಿದ್ದ. ಪ್ರವಾಸಿ ಬಸ್ಸಿನಿಂದಿಳಿದ ನರೆತಲೆಯ ಅಕ್ಕತಮ್ಮ ಇಬ್ಬರು ಬಾಗಿಲ ಪಕ್ಕದ ಗೋಡೆಗೆ ಮುಖಮಾಡಿ ನಿಂತರು.

“ಅಪ್ಪ ಕೂರಿಸಿದ ಕಲ್ಲು ಇದೇ ಕಣೇ ಅಕ್ಕ.”

“ಈಗ ತಾನೇ ಆ ಕಡೆ ಗೋಡೇಲಿ ತೋರಿಸ್ದೆಯಲ್ಲೋ!”

“ಬಿದ್ದಿದ್ದ ಎಡಗಡೆ ಗೋಡೇನ ರಿಪೇರಿ ಮಾಡಿದೆ ಅಂತಿದ್ರು.”

“ಒಳಗಿಂದ ಬಂದ್ರೆ ಎಡಾನೋ, ಹೊರಗಿಂದ ಬಂದ್ರೋ?”

“ಅದನ್ನ ಯಾರು ಕೇಳಿದ್ರು?”

“ನೀನು ಕೇಳ್ಬೇಕಿತ್ತು. ಅವರ ಹೆಗಲ ಮೇಲೇ ಬೆಳೆದವನು.”

“ಹಳೇದು, ಹೊಸದು ಎಲ್ಲಾ ಒಂದೇ ಥರ ಇದೆಯಲ್ಲೇ.”

“ಗೊತ್ತಾಗದ ಹಾಗೆ ಕೂರಿಸೋದೇ ಕೆಲಸ ಅಂತಿದ್ರು. ಚೆನ್ನಾಗಿ ಮಾಡಿ, ನಮ್ಮನ್ನ ಪೇಚಿಗೆ ಸಿಕ್ಕಿಸಿ ಕಣ್ಮುಚ್ಚಿದ್ರು.”

ಛತ್ರಿಯವನೂ ಕೈಕೆಲಸ ಬಿಟ್ಟು ಎರಡೂ ಗೋಡೆಗಳನ್ನು ದಿಟ್ಟಿಸಿದ. ಎಷ್ಟೋ ವರ್ಷ ಒರಗಿ ಕೂತ ಗೋಡೆ, ಆದರೂ ಯಾವುದು ಹೊಸದೆಂದು ಅವನಿಗೂ ತಿಳಿಯಲಿಲ್ಲ.

ಬಸ್ಸು ಹಾರ್ನ್ ಹೊಡೆಯಿತು.

“ಕೈ ಮುಗಿಯೋಕೆ ಅಂತಲೇ ಇಷ್ಟು ದೂರ ಬಂದ್ವಿ. ಯಾವುದಕ್ಕೆ ಮುಗೀಲಿ ಅಕ್ಕ?”

“ನನ್ನೇನು ಕೇಳ್ತೀಯ? ನಡಿ.”

ಹಾಗೆಂದವಳು ಬಿಸಿಲಿಗೆ ಕಾದ ಗೋಡೆಗೆ ಅಂಗೈ ಒತ್ತಿದಳು. ಒಂದು ಕಲ್ಲನ್ನೂ ಬಿಡದೆ ಸವರುತ್ತಾ ಬಸ್ಸಿನ ಕಡೆ ನಡೆದಳು. ತಮ್ಮ ಅದನ್ನು ನೋಡಿ, ಬಾಗಿಲ ಆ ಬದಿಗೆ ದಾಟಿ, ಅತ್ತಕಡೆಯ ಗೋಡೆಯನ್ನು ಸವರುತ್ತಾ ಹೊರಟ.